ಚಿಪ್ಪು ಹಿಡಿಯುವವನು

ಸೆಪ್ಟೆಂಬರ್ ೧೪

ತೊಟ್ಟಿಗೆ,

ನನಗೆ ಎದ್ದು ನಿಲ್ಲಲು ಬರುತ್ತಿದ್ದರೆ ಈ ಕಾಗದ ಬರೆಯುತ್ತಲೇ ಇರಲಿಲ್ಲ. ನೆಟ್ಟಗೆ ನಿನ್ನ ಶೆಡ್ಡಿಗೆ ಬಂದು ನಿನ್ನ ಎರಡೂ ಮೊಣಕೈ ಮುರಿದು ಹಾಕುತ್ತಿದ್ದೆ. ಹದಿನೈದು ವರ್ಷದಿಂದ ಕೋಲ್ಡ್ ಸ್ಟೋರೇಜಿನಲ್ಲಿ ಮಾಂಸ ಕತ್ತರಿಸುವವಳಿಗೆ ಕೀಲು ಎಲ್ಲಿ ಬಿಡುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ನಿನ್ನನ್ನು ತೊಟ್ಟಿ ಅಂದದ್ದಕ್ಕೆ ನೀನೇ ನನಗೆ ಇಟ್ಟ ಹೆಸರು, ಚೂರಿ ಅಂತ. ಮರೆತಿದ್ದರೆ ನೆನಪಿಸುತ್ತೇನೆ.

ಎಡಮಂಡಿ ಪುಡಿಯಾಗಿದೆ. ಮೂರು ಸಲ ಕೊಯ್ದು ಒಳಗೊಂದು ಸಲಾಕೆ, ಹನ್ನೊಂದು ಸ್ಕ್ರೂ ಕೂರಿಸಿದ್ದಾರೆ. ಮೀನಖಂಡದಲ್ಲಿ ಒಂದು ಗೇಣುದ್ದ ಮಾಂಸವೇ ಇಲ್ಲ, ತೊಡೆಯ ಚರ್ಮ ತೆಗೆದು ಅಲ್ಲಿಗೆ ತೇಪೆ ಹಾಕಿದ್ದಾರೆ. ಬ್ಯಾಂಡೇಜು ಬದಲಿಸುವ ಹೊತ್ತಿಗೆ ನಾನು ಅರಚುತ್ತೇನೆ ಅಂತ ನರ್ಸ್ ಏನಾದರೂ ಮಾತು ತೆಗೆಯುತ್ತಾಳೆ. ನಿನ್ನೆ, ಅದೆಂಥಾ ಸೈಕಲ್ಲು ಅಂತ ಕೇಳಿದಳು. ಹೇಳಿದೆ. ಬೆನ್ನ ಮೇಲೆ ಮಲಗಿ ತುಳಿಯುವ ಸೈಕಲ್ಲು, ಕಾಲು ಮುಂದೆ, ಪೆಡಲ್ಲು ಎಲ್ಲಕ್ಕಿಂತ ಮುಂದೆ, ಮೈಮೇಲೆ ತಲೆಯಿಂದ ಪಾದದ ತನಕ ಫೈಬರಿನ ಚಿಪ್ಪು. ಒಳಗೆ ಮಲಗಿದ ಮೇಲೆ ಮುಚ್ಚಳ ಹಾಕಿ, ಗಾಳಿ ನುಗ್ಗದ ಹಾಗೆ ಸುತ್ತ ಟೇಪು ಹೊಡೆಯುತ್ತಾರೆ. ಒಳಗಿನಿಂದ ತೆರೆಯಲು ಬರುವುದಿಲ್ಲ, ಕಾಲು ನೆಲಕ್ಕೆ ಊರಲು ಜಾಗವೂ ಇಲ್ಲ. ಶುರುವಿನಲ್ಲಿ ಸ್ಪರ್ಧೆಯ ಜನ ಹಿಡಿದು ತಳ್ಳುತ್ತಾರೆ. ಎಂಟು ಕಿಲೋಮೀಟರ್ ಆದಮೇಲೆ, ವೇಗ ನಡಿಗೆಯಷ್ಟಕ್ಕೆ ಇಳಿದಾಗ, ನಮ್ಮ ಕಡೆಯವನೊಬ್ಬ ಪಕ್ಕದಲ್ಲಿ ಓಡಿಬಂದು ಎರಡೂ ಕೈಯಿಂದ ಚಿಪ್ಪನ್ನು ಹಿಡಿಯಬೇಕು. ಹಿಡಿಯದಿದ್ದರೆ ಮಗುಚಿಕೊಳ್ಳುತ್ತದೆ. ಹಿಡಿಯುವವರು ಯಾರು ಅಂತ ಕೇಳಿದಳು. ನಮ್ಮಣ್ಣ ಅಂದೆ. ಅವಳು ಬ್ಯಾಂಡೇಜು ಸುತ್ತಿ ಮುಗಿಸಿದಳು.

ನೀನು ಅಲ್ಲೇ ಇದ್ದೆ. ಚಿಪ್ಪಿನ ಮುಂದಿನ ಗಾಜಿನಿಂದ ನಿನ್ನನ್ನು ನೋಡಿದೆ. ನಿನ್ನ ಕೈ ಮುಂದೆ ಬಂತು, ಆಮೇಲೆ ಹಿಂದೆ ಹೋಯಿತು. ನಾನು ಬಲಮಗ್ಗುಲಿಗೆ ಬಿದ್ದೆ. ಅದು ದೊಡ್ಡದಲ್ಲ, ನಿಂತಲ್ಲಿಂದ ಬಿದ್ದ ಹಾಗೆ. ಬಿದ್ದವಳನ್ನು ಅರ್ಧ ನಿಮಿಷದಲ್ಲಿ ಎಳೆದು ಬದಿಗಿಡಬೇಕು, ಹಿಂದಿನ ಸವಾರ ಬರುತ್ತಿರುತ್ತಾನೆ. ನಾನು ಒಳಗಿನಿಂದ ನಿನ್ನನ್ನು ಬೈದೆ, ಗುದ್ದಿದೆ, ಮುಚ್ಚಳಕ್ಕೆ ತಲೆ ಚಚ್ಚಿದೆ. ಯಾರೂ ಬರಲಿಲ್ಲ. ಕಿವಿ ಡಾಂಬರಿಗೆ ಅಂಟಿಕೊಂಡ ಹಾಗೆ ಬಿದ್ದಿದ್ದೆನಲ್ಲ, ಹಿಂದೆ ಬರುವ ಟೈರಿನ ಸದ್ದು ರಸ್ತೆಯಲ್ಲೇ ಕೇಳಿಸಿತು. ಬ್ರೇಕು ಕಿರುಚಿತು. ನನ್ನ ಹಿಂದಿನ ಸವಾರ, ನಮ್ಮ ಹಲ್ಲಿನ ಡಾಕ್ಟರು; ಅವರ ಚಿಪ್ಪು ನನ್ನ ಚಿಪ್ಪನ್ನು ಒಡೆದು ಮಂಡಿಯೊಳಕ್ಕೆ ಬಂತು. ನನ್ನದೇ ಚೈನಿನ ಚಕ್ರ ನನ್ನ ಮೀನಖಂಡವನ್ನು ಗರಗಸದ ಹಾಗೆ ಕೊಯ್ದುಕೊಂಡು ಹೋಯಿತು. ಮೂಳೆ ಮುರಿಯುವ ಸದ್ದು ನನಗೆ ಹೊಸದಲ್ಲ, ಅದು ನನ್ನದು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನನಗೆ ಬೇಕಾದದ್ದು ಒಂದೇ. ಕೈ ಯಾಕೆ ಹಿಂದಕ್ಕೆ ತೆಗೆದೆ ಅಂತ ಬರೆ. ಬೇರೇನೂ ಬರೆಯಬೇಡ.

ಚೂರಿ


ಸೆಪ್ಟೆಂಬರ್ ೨೨

ಚೂರಿಗೆ,

ಬೈಗುಳ ತಲುಪಿತು. ಆಸ್ಪತ್ರೆಗೆ ಎರಡು ಸಲ ಬಂದಿದ್ದೆ. ನನ್ನ ಮುಖ ಕಂಡರೆ ಒಳಗೆ ಬಿಡಬೇಡ ಅಂತ ಬಾಗಿಲ ಕಾವಲಿನವನಿಗೆ ಹೇಳಿಟ್ಟಿದ್ದೀಯಂತೆ. ಎರಡನೇ ಸಲ ಅವನ ಕಾಲರ್ ಹಿಡಿದೆ, ನಾಲ್ಕು ಜನ ಸೇರಿ ಮೆಟ್ಟಿಲಿಂದ ಕೆಳಗೆ ತಳ್ಳಿದರು. ಬಂದಿರಲಿಲ್ಲ ಅಂತ ನಾಳೆ ಊರಿಗೆಲ್ಲ ಹೇಳಿಕೊಂಡು ಬರಬೇಡ.

ನಿನ್ನ ಕಾಗದದಲ್ಲಿ ಆ ದಿನ ಬೆಳಗ್ಗೆಯ ಮಾತೇ ಇಲ್ಲ. ನಾನು ಬರೆಯುತ್ತೇನೆ ಕೇಳು. ಚಿಪ್ಪಿನ ಮೂತಿಯನ್ನು ಎರಡು ಬೆರಳು ಕಿರಿದು ಮಾಡಿದ್ದೆ, ನಿಜ. ನಿನ್ನನ್ನು ಕೇಳಲಿಲ್ಲ, ಅದೂ ನಿಜ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನಮ್ಮ ವರ್ಗದ ದಾಖಲೆ ಗಂಟೆಗೆ ನೂರಹದಿನಾಲ್ಕು, ನೀನು ಎರಡು ವರ್ಷದಿಂದ ನೂರಹನ್ನೆರಡರಲ್ಲೇ ಒದ್ದಾಡುತ್ತಿದ್ದೀಯ. ಆ ಎರಡು ಬೆರಳಿನಲ್ಲೇ ಆ ಎರಡು ಕಿಲೋಮೀಟರ್ ಇತ್ತು. ಬೆಳಗಿನ ಅಭ್ಯಾಸದ ಓಟದಲ್ಲಿ ನಿನ್ನ ಎರಡೂ ಕಾಲಿನ ಹೆಬ್ಬೆರಳು ಒಳಗೋಡೆಗೆ ಉಜ್ಜಿ ಉಗುರು ಎದ್ದುಬಂದವು. ಟೇಪು ಬಿಚ್ಚಿದ್ದೇ ತಡ, ಪೆಡಲ್ ಸ್ಪ್ಯಾನರ್ ತೆಗೆದುಕೊಂಡು ನನ್ನ ಹುಬ್ಬಿಗೆ ಬಾರಿಸಿದೆ. ಹದಿನೆಂಟು ತಂಡದವರು ನೋಡುತ್ತಿದ್ದರು. ಏಳು ಹೊಲಿಗೆ ಬಿದ್ದಿದೆ. ಮೂಳೆ ಕಾಣುತ್ತಿತ್ತು ಅಂತ ನೋಡಿದವರು ಹೇಳುತ್ತಾರೆ.

ಮಧ್ಯಾಹ್ನ ಸ್ಪರ್ಧೆಯ ಓಟದಲ್ಲಿ ನೀನು ಬರುವಾಗ ಆ ಗಾಯದ ರಕ್ತ ಕಣ್ಣಿಗೆ ಇಳಿದಿತ್ತು. ನನಗೆ ನೀನು ಕಾಣಲಿಲ್ಲ. ಅಷ್ಟೇ ನಡೆದದ್ದು. ಕೈ ಹಿಂದೆ ತೆಗೆದದ್ದು ಕಣ್ಣು ಒರೆಸಿಕೊಳ್ಳಲು. ಹಾಗಾದರೆ ನಿನ್ನ ಮಂಡಿ ಮುರಿದವರು ಯಾರು ಅಂತ ನೀನೇ ಯೋಚಿಸಿ ನೋಡು.

ವಿಚಾರಣೆ ಸಮಿತಿಯವರು ಇಬ್ಬರಿಂದಲೂ ಹೇಳಿಕೆ ಕೇಳಿದ್ದಾರೆ. ನೀನು ಸ್ಪ್ಯಾನರಿನಲ್ಲಿ ಹೊಡೆದದ್ದು ಬರೆದರೆ ನೀನು ಸ್ಪರ್ಧೆಯಿಂದ ಹೊರಗೆ. ನಾನು ಬೇಕೆಂದೇ ಬಿಟ್ಟೆ ಅಂತ ನೀನು ಬರೆದರೆ ನಾನು ಹೊರಗೆ. ಹಿಂಚಕ್ರದ ಬ್ರೇಕು ಕೈಕೊಟ್ಟಿತು, ಚಿಪ್ಪು ಹಿಡಿಯಲಾಗದಷ್ಟು ಜೋರಾಗಿ ಬಂತು ಅಂತ ಇಬ್ಬರೂ ಒಂದೇ ಮಾತು ಬರೆಯೋಣ. ಬ್ರೇಕಿನ ತಂತಿ ಹೇಗೂ ಅಪಘಾತದಲ್ಲಿ ತುಂಡಾಗಿದೆ. ಯಾರೂ ಕೇಳುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಮಾತು ಕಡಿಮೆ ಮಾಡಿದ್ದಾಳೆ.

ತೊಟ್ಟಿ


ಅಕ್ಟೋಬರ್ ೨

ತೊಟ್ಟಿಗೆ,

ನೀರಿನ ತೊಟ್ಟಿ ಮಾಡಿ ಮಾಡಿ ನಿನ್ನ ತಲೆಯೂ ಒಳಗೆ ಟೊಳ್ಳಾಗಿದೆ. ಬ್ರೇಕಿನ ಕಥೆಯನ್ನು ನಿನ್ನ ಗಿರಾಕಿಗಳಿಗೆ ಹೇಳು. ನಾನು ಬ್ರೇಕು ಹಿಡಿದು ನಡಿಗೆಯ ವೇಗಕ್ಕೆ ತಂದಿದ್ದೆ, ನಿನ್ನ ಅಂಗಿಯ ಗುಂಡಿ ಎಣಿಸುವಷ್ಟು ನಿಧಾನವಾಗಿದ್ದೆ.

ಸ್ಪ್ಯಾನರಿನಲ್ಲಿ ಹೊಡೆದದ್ದು ನಾನೇ. ಅದನ್ನು ಬರೆದು, ಸಹಿ ಹಾಕಿ, ಸಮಿತಿಗೆ ಮೊನ್ನೆಯೇ ಕಳಿಸಿದ್ದೇನೆ. ಒಂದು ವರ್ಷ ಸ್ಪರ್ಧೆಯಿಂದ ಹೊರಗಿಡುತ್ತಾರಂತೆ. ಇಡಲಿ, ಈ ಕಾಲಿನಲ್ಲಿ ಇನ್ನೊಂದು ವರ್ಷ ನಾನೇನು ಕಿಸಿಯುವುದಿದೆ. ನಿನ್ನ ಬಗ್ಗೆ ಒಂದಕ್ಷರ ಬರೆದಿಲ್ಲ. ಅದು ನೀನು ಬರೆಯಬೇಕಾದದ್ದು.

ನಾವು ಹೊಡೆದಾಡಿಕೊಂಡೇ ಬೆಳೆದವರು. ಅಪ್ಪ ನಮ್ಮಿಬ್ಬರಿಗೂ ಬೆಲ್ಟಿನಲ್ಲಿ ಬಾರಿಸುತ್ತಿದ್ದ, ಅವನು ಹೋದಮೇಲೆ ಆ ಕೆಲಸ ನಾವೇ ಹಂಚಿಕೊಂಡೆವು. ನೀನು ನನ್ನ ಮುಂಗೈ ಮುರಿದಿದ್ದೀಯ, ನಾನು ನಿನ್ನ ಮೂಗು ಒಡೆದಿದ್ದೇನೆ. ಹತ್ತು ನಿಮಿಷಕ್ಕೆ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ಅದಕ್ಕೆಲ್ಲ ನನಗೆ ನಿನ್ನ ಮೇಲೆ ಹಗೆ ಇಲ್ಲ. ಆದರೆ ಟೇಪು ಹೊಡೆದು ಮುಚ್ಚಿದ ಮೇಲೆ ನಾನು ಕೈಕಾಲು ಇಲ್ಲದವಳು. ಆಗ ಮಾಡಬಾರದು. ಅಪ್ಪ ಕೂಡ ಮಲಗಿದ್ದವರನ್ನು ಹೊಡೆಯುತ್ತಿರಲಿಲ್ಲ.

ಹಲ್ಲಿನ ಡಾಕ್ಟರು ನೋಡಲು ಬಂದಿದ್ದರು. ಅವರ ಮುರಿದ ಕೊರಳೆಲುಬು ಕೂಡಿದೆ, ಮುಂದಿನ ಮೂರು ಹಲ್ಲು ಹೋಗಿವೆ. ತಮ್ಮ ಹಲ್ಲು ತಾವೇ ಕಟ್ಟಿಕೊಳ್ಳಲು ಬರುವುದಿಲ್ಲವಂತೆ, ತಮಗಾಗದ ಇನ್ನೊಬ್ಬ ಡಾಕ್ಟರ ಮುಂದೆ ಬಾಯಿ ತೆರೆಯಬೇಕಾಗಿದೆ ಅಂತ ಬೇಜಾರು ಮಾಡಿಕೊಂಡರು. ನಗಬೇಕೆನಿಸಿತು, ಹೊಲಿಗೆ ಎಳೆಯಿತು. ಹೋಗುವ ಮುಂಚೆ, ದೂರದಿಂದ ಬರುವಾಗ ನಿಮ್ಮಣ್ಣ ಕೈಕಟ್ಟಿ ನಿಂತದ್ದು ಕಂಡಿತು, ಚಿಪ್ಪು ಖಾಲಿ ಇರಬೇಕು ಅಂದುಕೊಂಡೆ ಅಂದರು.

ಕೈಕಟ್ಟಿ ನಿಂತವನು ಕಣ್ಣು ಹೇಗೆ ಒರೆಸಿಕೊಂಡ?

ನನಗೀಗ ಮೂವತ್ನಾಲ್ಕು. ದಾಖಲೆಗೆ ಇನ್ನೊಂದು ಸಲ, ಹೆಚ್ಚೆಂದರೆ ಎರಡು ಸಲ ನುಗ್ಗಬಹುದು. ಆ ಚಿಪ್ಪು ನನ್ನ ಮೈಗೆ ಬಿಟ್ಟು ಬೇರೆ ಯಾರಿಗೂ ಹಿಡಿಸುವುದಿಲ್ಲ, ಅದನ್ನು ಓಡುತ್ತಾ ಹಿಡಿಯುವ ಲಯ ನಿನಗೆ ಬಿಟ್ಟು ಬೇರೆ ಯಾರಿಗೂ ಇಲ್ಲ. ನಾನು ಮತ್ತೆ ಅದರೊಳಗೆ ಮಲಗಬೇಕು. ಅದಕ್ಕೆ ಹಿಡಿಯುವವನು ಏನು ಮಾಡಿದ ಅನ್ನುವುದು ಅವನ ಬಾಯಿಂದಲೇ ಬರಬೇಕು. ನಿಜ ಬರೆದು ಸಮಿತಿಗೆ ಕಳಿಸು. ಕಳಿಸಿದರೆ ಮಲಗುತ್ತೇನೆ. ಇಲ್ಲದಿದ್ದರೆ ನನ್ನ ಪಾಲಿಗೆ ನೀನೂ ಇಲ್ಲ, ಆ ಚಿಪ್ಪೂ ಇಲ್ಲ.

ಚೂರಿ


ಅಕ್ಟೋಬರ್ ೧೯

ಚೂರಿಗೆ,

ನಿನ್ನೆ ದೊಡ್ಡ ಸುತ್ತಿಗೆ ತೆಗೆದುಕೊಂಡು ಚಿಪ್ಪು ತೆಗೆಯುವ ಅಚ್ಚುಗಳನ್ನೆಲ್ಲ ಒಡೆದು ಹಾಕಿದೆ. ಮೇಲಿನ ಅಚ್ಚು, ಕೆಳಗಿನ ಅಚ್ಚು, ಮೂತಿಯ ಅಚ್ಚು, ಆರು ವರ್ಷದ ಕೆಲಸ. ಮಧ್ಯಾಹ್ನ ಶುರುಮಾಡಿ ಕತ್ತಲಾಗುವ ತನಕ ಒಡೆದೆ. ಒಂದು ಏಟು ತಪ್ಪಿ ಎಡಗೈ ಮೇಲೆ ಬಿತ್ತು, ಎರಡು ಬೆರಳು ಬದನೆಕಾಯಿ ಆಗಿವೆ. ಅದರಲ್ಲೇ ಒಡೆದೆ. ಶೆಡ್ಡಿನ ಕಿಟಕಿ, ಬೆಂಚು, ರಾಳದ ಡಬ್ಬಿ ಯಾವುದನ್ನೂ ಬಿಡಲಿಲ್ಲ.

ಇನ್ನು ಯಾವ ಚಿಪ್ಪೂ ಇಲ್ಲ. ಸಮಿತಿಯವರು ಇಟ್ಟುಕೊಂಡಿರುವ ಆ ಒಡಕು ಚಿಪ್ಪನ್ನು ಬೇಕಾದರೆ ತರಿಸಿಕೊಂಡು ಅದರಲ್ಲಿ ಬಟ್ಟೆ ನೆನೆಹಾಕು. ನಾನು ಏನನ್ನೂ ಬರೆದುಕೊಡುವುದಿಲ್ಲ. ಹಗಲೆಲ್ಲ ತೊಟ್ಟಿ, ಸಂಜೆ ಈ ಚಿಪ್ಪು, ಇದು ಬಿಟ್ಟರೆ ನನಗೆ ಬೇರೆ ಏನಿದೆ ಹೇಳು. ಸವಾರಿ ನಿನ್ನದು, ಹೆಸರು ನಿನ್ನದು, ಪೇಪರಿನಲ್ಲಿ ಫೋಟೋ ನಿನ್ನದು. ಆ ರಸ್ತೆಯ ತುದಿಯಲ್ಲಿ ನಿಲ್ಲುವುದೊಂದು ನನ್ನದು. ಅದನ್ನೂ ಕಿತ್ತುಕೊಳ್ಳಬೇಕು ಅಂತ ಹೊರಟಿದ್ದೀಯ.

ಹಾಳಾಗಿ ಹೋಗು.


ನವೆಂಬರ್ ೮

ಮಗಳೇ,

ಕಾಲು ಹೇಗಿದೆ? ಕೋಲು ಹಿಡಿದು ನಡೆಯುತ್ತಿದ್ದೀಯ ಅಂತ ಹಲ್ಲಿನ ಡಾಕ್ಟರು ಫೋನಿನಲ್ಲಿ ಹೇಳಿದರು. ಬಾಡಿಗೆ ರೂಮಿನ ಮೆಟ್ಟಿಲು ಕಡಿದಾಗಿದೆಯಂತೆ, ಹುಷಾರು. ಶಾಲೆ ಮಕ್ಕಳ ಅಂಗಿ ಹೊಲಿಯುವುದು ಇನ್ನೂ ಮುಗಿದಿಲ್ಲ, ಆದರೂ ಮಿಷನ್ ನಿಲ್ಲಿಸಿ ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ.

ಅವತ್ತು ನಾನು ಅವನ ಹಿಂದೆಯೇ ಇದ್ದೆ. ಟೇಪು ಕತ್ತರಿಸುವುದು ನನ್ನ ಕೆಲಸವಲ್ಲವೇ, ಕತ್ತರಿ ನನ್ನ ಕೈಯಲ್ಲೇ ಇತ್ತು. ಅವನ ಹುಬ್ಬಿಗೆ ಪಟ್ಟಿ ಕಟ್ಟಿದವಳೂ ನಾನೇ. ಹತ್ತಿ ಇಟ್ಟು, ಎರಡು ಸುತ್ತು ಬಿಗಿದು ಕಟ್ಟಿದ್ದೆ. ಒಂದು ತೊಟ್ಟೂ ಕೆಳಗೆ ಇಳಿದಿರಲಿಲ್ಲ. ಅವನ ಎರಡೂ ಕಣ್ಣು ಸರಿಯಾಗಿದ್ದವು.

ನೀನು ಬಿದ್ದ ಕೂಡಲೇ ನಾನು ಕತ್ತರಿ ಹಿಡಿದು ಓಡಿದೆ. ಅವನು ನನ್ನ ರಟ್ಟೆ ಹಿಡಿದು ನಿಲ್ಲಿಸಿಬಿಟ್ಟ. "ಇರಮ್ಮ, ಸ್ವಲ್ಪ ಹೊತ್ತು ಬಿದ್ದಿರ್ಲಿ. ಕೊಬ್ಬು ಇಳೀಲಿ ಅವಳ್ದು," ಅಂದ. ನಾನು ಬಿಡಿಸಿಕೊಳ್ಳಬೇಕಿತ್ತು. ಕೈಯಲ್ಲಿ ಕತ್ತರಿ ಇತ್ತು, ಚುಚ್ಚಿಯಾದರೂ ಹೋಗಬೇಕಿತ್ತು. ಬೆಳಗ್ಗೆ ನೀನು ಅವನಿಗೆ ಹಾಗೆ ಹೊಡೆದಿದ್ದೆಯಲ್ಲ, ನನಗೂ ನಿನ್ನ ಮೇಲೆ ಸ್ವಲ್ಪ ಸಿಟ್ಟಿತ್ತು. ಬಿದ್ದಿರಲಿ, ಒಂದು ನಿಮಿಷ ತಾನೇ ಅಂತ ನಾನೂ ಸುಮ್ಮನೆ ನಿಂತೆ.  ಆಮೇಲೆ ಡಾಕ್ಟರ ಗಾಡಿ ಬಂತು.

ಅವನು ಅಚ್ಚು ಒಡೆದ ದಿನ ನಾನು ಶೆಡ್ಡಿಗೆ ಹೋದೆ. ನಲವತ್ತು ದಾಟಿದ ಮಗನ ಕೆನ್ನೆಗೆ ಎರಡೂ ಕೈಯಿಂದ ಬಾರಿಸಿದೆ, ನನ್ನ ಬಳೆ ಒಡೆದು ಅವನ ದವಡೆ ಕುಯ್ದುಹೋಯಿತು. ಅವನು ಕೈ ಎತ್ತಲಿಲ್ಲ. ನಾನು ಇದನ್ನೆಲ್ಲ ನಿನಗೆ ಬರೆಯುತ್ತೇನೆ ಅಂತ ಅವನಿಗೆ ಹೇಳಿಯೇ ಬರೆದಿದ್ದೇನೆ. ಸಮಿತಿಯವರ ಮುಂದೆ ನಿಂತು ಅವನ ವಿರುದ್ಧ ಹೇಳು ಅಂತ ಮಾತ್ರ ನನ್ನನ್ನು ಕೇಳಬೇಡ. ಹೆತ್ತ ಹೊಟ್ಟೆ ಒಂದೇ.

ಅಮ್ಮ


ನವೆಂಬರ್ ೧೫

ಬಿದ್ದಿರಲಿ, ಕೊಬ್ಬು ಇಳಿಯಲಿ ಅಂದೆಯಂತೆ.

ಇಳಿಯಿತು. ಎಡಗಾಲು ಒಂದೂವರೆ ಅಂಗುಲ ಗಿಡ್ಡವಾಗಿದೆ, ತೊಡೆ ಕಡ್ಡಿಯಾಗಿದೆ. ಇವತ್ತು ಕೆಲಸಕ್ಕೆ ಹೋಗಿದ್ದೆ. ಒಂದು ಗಂಟೆ ನಿಲ್ಲಲಾಗಲಿಲ್ಲ, ಕೊಕ್ಕೆಗೆ ನೇತುಹಾಕಿದ ಮಾಂಸಕ್ಕೆ ಒರಗಿಕೊಂಡು ನಿಂತೆ. ಮೇಸ್ತ್ರಿ ಮನೆಗೆ ಹೋಗು ಅಂದ. ಹೋಗಲಿಲ್ಲ. ಮುಂದೆ ಬಂದ ಮಂಡಿಯನ್ನೆಲ್ಲ ನಿನ್ನದೆಂದುಕೊಂಡು ಕಡಿದೆ. ಸಂಜೆಯ ತನಕ ಕಡಿದರೂ ಸಿಟ್ಟು ತಣಿಯಲಿಲ್ಲ.

ಅಮ್ಮ ಬರೆದದ್ದನ್ನು ನಾನು ಸಮಿತಿಗೆ ಕಳಿಸುವುದಿಲ್ಲ. ಕಳಿಸಿದರೆ ನಿನ್ನ ಕೆಲಸ ಸುಲಭವಾಗುತ್ತದೆ, ಅಮ್ಮನೂ ಸಿಕ್ಕಿಬೀಳುತ್ತಾಳೆ. ನಾನು ಕಾಯುತ್ತೇನೆ. ನಿನಗೆ ಬಾಯಿ ಬರುವ ತನಕ ಈ ವಿಳಾಸಕ್ಕೆ ಬೇರೇನೂ ಬರೆಯಬೇಡ.

ಚೂರಿ


ಜನವರಿ ೩

ಚೂರಿಗೆ,

ಕಣ್ಣಲ್ಲಿ ರಕ್ತ ಇರಲಿಲ್ಲ.

ಇಷ್ಟನ್ನು ಡಿಸೆಂಬರಿನಲ್ಲೇ ಬರೆದು, ಹನ್ನೆರಡು ದಿನ ಕಾಗದ ಶೆಡ್ಡಿನಲ್ಲೇ ಬಿದ್ದಿತ್ತು. ಮುಂದಿನದು ಇವತ್ತು ಬರೆಯುತ್ತಿದ್ದೇನೆ, ನಿಲ್ಲಿಸಿದರೆ ಮತ್ತೆ ಆಗುವುದಿಲ್ಲ.

ನೀನು ಹೊಡೆದಾಗ ನೋವಾಗಲಿಲ್ಲ. ಜನ ನಕ್ಕರು, ಅದು ನಾಟಿತು. ಎಂಟು ಕಿಲೋಮೀಟರ್ ವ್ಯಾನಿನಲ್ಲಿ ಹೋಗುವಾಗ ಅದನ್ನೇ ಅಗಿಯುತ್ತಾ ಹೋದೆ. ನೀನು ಬಂದೆ. ಚಿಪ್ಪು ಬಿಸಿಲಿಗೆ ಹೊಳೆಯುತ್ತಿತ್ತು, ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು ಅದೇ, ಒಂದು ಬೆರಳು ತೂರಿಸಲೂ ಸಂದಿಯಿಲ್ಲ. ಎಂದಿನ ಹಾಗೆ ಕೈ ತಾನಾಗಿ ಮುಂದೆ ಹೋಯಿತು. ಆಮೇಲೆ ನಾನೇ ಅದನ್ನು ಹಿಂದಕ್ಕೆ ತೆಗೆದೆ. ಬೇಕೆಂದೇ ತೆಗೆದೆ. ನೀನು ನನ್ನನ್ನು ದಾಟಿ ಹತ್ತು ಹೆಜ್ಜೆ ಆಚೆ ಬಿದ್ದೆ. ಒಳಗಿನಿಂದ ನಿನ್ನ ಬೈಗುಳ ಸಣ್ಣದಾಗಿ ಕೇಳುತ್ತಿತ್ತು, ಗುದ್ದುವುದು ಕೇಳುತ್ತಿತ್ತು. ನನಗೆ ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ಅಮ್ಮನನ್ನು ಹಿಡಿದು ನಿಲ್ಲಿಸಿ, ಕೈಕಟ್ಟಿ ನಿಂತೆ. ಹಿಂದಿನ ಸವಾರರಿಗೆ ದಾರಿ ಬಿಡುವ ಬಾವುಟದವನು ದೂರದಿಂದ ನೋಡಿದ, ನಾನು ಅವಸರವಿಲ್ಲದೆ ನಿಂತದ್ದರಿಂದ ದಾರಿ ಖಾಲಿ ಅಂದುಕೊಂಡು ಹಸಿರು ಬೀಸಿದ.

ಡಾಕ್ಟರ ಚಿಪ್ಪು ತಿರುವಿನಲ್ಲಿ ಕಂಡಾಗ ನನಗೆ ಬುದ್ಧಿ ಬಂತು. ಓಡಿದೆ. ನಾಲ್ಕು ಹೆಜ್ಜೆ ಕಡಿಮೆ ಬಿತ್ತು. ನಿನ್ನ ಚಿಪ್ಪು ಒಡೆದ ಸದ್ದಿಗೆ ಮೊದಲು ನನ್ನ ತಲೆಯಲ್ಲಿ ಬಂದದ್ದು ಏನು ಗೊತ್ತೇ? ಅಯ್ಯೋ ಚಿಪ್ಪು ಅಂತ. ನೀನಲ್ಲ. ಆಮೇಲೆ ಸೀಳಿನಿಂದ ರಕ್ತ ಬಂದಾಗ ನೀನು. ನಾನು ಎಂಥವನು ಅಂತ ಆವತ್ತು ನೋಡಿಕೊಂಡೆ, ಅದನ್ನು ನೋಡಲಾಗದೆ ಅಚ್ಚು ಒಡೆದೆ.

ನೀನು ಹೊರಗೆ ಬಂದ ಮೇಲೆ ನಾಲ್ಕು ಬಾರಿಸಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಮಾಡುವ ಧೈರ್ಯ ನನಗಿರಲಿಲ್ಲ. ಹೊರಗೆ ಬಂದರೆ ನೀನು ತಿರುಗಿ ಹೊಡೆಯುತ್ತಿದ್ದೆ.

ಸಮಿತಿಗೆ ಹೇಳಿಕೆ ಬರೆದಿದ್ದೇನೆ. ಅಮ್ಮನನ್ನು ತಡೆದದ್ದು ನಾನು ಅಂತಲೂ ಬರೆದಿದ್ದೇನೆ, ಅವಳ ಮೇಲೆ ಏನೂ ಬರುವುದಿಲ್ಲ. ಲಕೋಟೆ ಇದರ ಜೊತೆ ಇದೆ, ಅಂಟಿಸಿಲ್ಲ. ಓದಿ ನೋಡು. ನಿನಗೆ ಸರಿಯೆನಿಸಿದರೆ ಅಂಚೆಗೆ ಹಾಕು, ಬೇಡವೆನಿಸಿದರೆ ಹರಿದುಹಾಕು.

ತೊಟ್ಟಿ


ಜನವರಿ ೧೧

ತೊಟ್ಟಿಗೆ,

ಓದಿದೆ. ಎರಡು ಸಲ ಓದಿದೆ.

ಲಕೋಟೆ ವಾಪಸು ಕಳಿಸಿದ್ದೇನೆ. ಇದನ್ನು ನನ್ನ ಕೈಯಲ್ಲಿ ಹಾಕಿಸಿ, ನಾಳೆ ತಂಗಿಯೇ ನನ್ನನ್ನು ಹೊರಗೆ ಹಾಕಿದಳು ಅಂತ ಹೇಳಿಕೊಂಡು ತಿರುಗಬೇಕು ಅಂತಿದ್ದೀಯ. ಅಂಚೆಪೆಟ್ಟಿಗೆ ನಿನ್ನ ಶೆಡ್ಡಿನಿಂದ ನೂರು ಹೆಜ್ಜೆ ಇದೆ. ನಿನ್ನ ಎರಡು ಕಾಲೂ ಗಟ್ಟಿಯಾಗಿವೆ, ನಡೆದುಕೊಂಡು ಹೋಗಿ ಹಾಕು.

ಚೂರಿ


ಫೆಬ್ರವರಿ ೨೪

ಚೂರಿಗೆ,

ಲಕೋಟೆ ವಾಪಸು ಬಂದ ದಿನವೇ ಅಂಚೆಗೆ ಹಾಕಿದೆ. ನಿನ್ನೆ ಉತ್ತರ ಬಂತು. ಬದುಕಿರುವ ತನಕ ಯಾವ ಸ್ಪರ್ಧೆಯ ರಸ್ತೆಗೂ ಕಾಲಿಡುವ ಹಾಗಿಲ್ಲ, ಹಿಡಿಯುವವನಾಗಿ ಅಲ್ಲ, ಕಟ್ಟುವವನಾಗಿ ಅಲ್ಲ, ನೋಡುವವನಾಗಿ ಕೂಡ ಅಲ್ಲ. ನಮ್ಮ ಸೈಕಲ್ ಸಂಘದ ಹುಡುಗರಿಬ್ಬರು ಶೆಡ್ಡಿಗೆ ಬಂದು ಮುಖಕ್ಕೆ ಉಗಿದು ಹೋದರು. ಒಬ್ಬ ಪಕ್ಕೆಗೆ ಒದ್ದ. ನಾನು ಬಾಗಿಲು ತೆರೆದೇ ಇಟ್ಟಿದ್ದೆ.

ಒಡಕು ಚಿಪ್ಪನ್ನು ಸಮಿತಿಯವರು ನಿನ್ನ ಹೆಸರಿಗೆ ಬಿಟ್ಟುಕೊಟ್ಟರಂತೆ, ಡಾಕ್ಟರು ತಂದು ನನ್ನ ಶೆಡ್ಡಿನ ಮುಂದೆ ಇಳಿಸಿ ಹೋದರು. ನೀನು ಹೇಳಿಕಳಿಸಿದ್ದು ಅಂತ ಅಮ್ಮ ಹೇಳಿದಳು. ಒಡೆದ ಕಡೆ ಹೊಸ ಫೈಬರ್ ಬಟ್ಟೆ, ಹೊಸ ರಾಳ ಹಾಕಿ ಮೂರು ಪದರ ಕೂರಿಸುತ್ತಿದ್ದೇನೆ. ಒಳಗೆ ಒಣಗಿದ ರಕ್ತವಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ. ಮೂತಿ ಎರಡು ಬೆರಳು ಅಗಲ ಮಾಡಿದ್ದೇನೆ. ಈ ಸಲ ಕೇಳಿಯೇ ಮಾಡಬೇಕಿತ್ತು. ಕೇಳುತ್ತಿದ್ದೇನೆ, ಸರಿಯೇ?

ತೊಟ್ಟಿ


ಮಾರ್ಚ್ ೯

ತೊಟ್ಟಿಗೆ,

ಮೂತಿ ಸರಿ.

ಸ್ಪರ್ಧೆಯ ರಸ್ತೆಗೆ ತಾನೇ ನಿನಗೆ ಬಾಗಿಲು ಹಾಕಿದ್ದು. ನಾನು ಕೆಲಸ ಮಾಡುವ ಗೋದಾಮಿನ ಹಿಂದಿನ ರಸ್ತೆ ಯಾರ ಅಪ್ಪನದೂ ಅಲ್ಲ. ನೇರವಾಗಿ ಎರಡು ಕಿಲೋಮೀಟರ್ ಇದೆ, ಭಾನುವಾರ ಬೆಳಗ್ಗೆ ಲಾರಿ ಬರುವುದಿಲ್ಲ. ಮಾರ್ಚ್ ೨೯ಕ್ಕೆ ಚಿಪ್ಪು ತೆಗೆದುಕೊಂಡು ಬಾ. ಡಾಕ್ಟರು ಟೇಪು ಹೊಡೆದು ತಳ್ಳುತ್ತಾರೆ. ನಾನು ಗಂಟೆಗೆ ಮೂವತ್ತಕ್ಕೆ ಹೆಚ್ಚು ಮಾಡುವುದಿಲ್ಲ, ಮಂಡಿ ಅಷ್ಟೇ ಬಗ್ಗುತ್ತದೆ. ನೀನು ಗೋದಾಮಿನ ಗೇಟಿಗೆ ಇನ್ನೂರು ಹೆಜ್ಜೆ ಈಚೆ ನಿಲ್ಲು. ಅಮ್ಮ ಕತ್ತರಿ ತರಲಿ.

ನೀನು ನಿಜ ಬರೆದೆ, ನಾನು ಹೇಳಿದ ಮಾತಿನ ಹಾಗೆ ಮಲಗುತ್ತೇನೆ. ಇದು ಕ್ಷಮೆ ಅಂದುಕೊಂಡು ಹಲ್ಲು ಕಿಸಿದುಕೊಂಡು ಬಂದರೆ ಇನ್ನೊಂದು ಹುಬ್ಬೂ ಹೋಗುತ್ತದೆ.

ಚೂರಿ


ಏಪ್ರಿಲ್ ೭

ಅಣ್ಣನಿಗೆ,

ಅವತ್ತು ನಾನು ಒಂದು ಮಾತೂ ಆಡದೆ ಡಾಕ್ಟರ ಕಾರು ಹತ್ತಿ ಬಂದುಬಿಟ್ಟೆ. ನೀನು ರಸ್ತೆಯ ಮೇಲೆ ಕೂತು ಅಳುತ್ತಿದ್ದೆ ಅಂತ ಅಮ್ಮ ಹೇಳಿದಳು. ಒಳಗೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡಾಕ್ಟರು ಟೇಪು ಹೊಡೆಯುವಾಗ ನನಗೆ ಏನೂ ಆಗಲಿಲ್ಲ. ತಳ್ಳಿದರು, ಹೊರಟೆ. ಮೊದಲ ನೂರು ತುಳಿತ ಮಂಡಿ ಕಿರ್ರೋ ಅಂದಿತು, ಆಮೇಲೆ ಸುಮ್ಮನಾಯಿತು. ಚಿಪ್ಪು ಎಳ್ಳಷ್ಟೂ ಅಲುಗಲಿಲ್ಲ. ನೀನು ತೇಪೆ ಹಾಕಿದ್ದು ಎಲ್ಲಿ ಅಂತ ಒಳಗಿನಿಂದ ಗೊತ್ತಾಗಲೇ ಇಲ್ಲ. ಖುಷಿಯಾಯಿತು ಕಣೋ. ಏಳು ತಿಂಗಳಲ್ಲಿ ಮೊದಲನೇ ಸಲ ನಾನು ಕುಂಟಿ ಅಲ್ಲ ಅನ್ನಿಸಿತು.

ಆಮೇಲೆ ನೀನು ಕಂಡೆ. ಸರಿಯಾದ ಕಡೆ ನಿಂತಿದ್ದೆ, ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ. ಅಮ್ಮ ನಿನ್ನ ಹಿಂದೆ. ನಾನಿನ್ನೂ ನೂರು ಹೆಜ್ಜೆ ದೂರ ಇರುವಾಗಲೇ ನೀನು ಕೈ ಚಾಚಿದ್ದೆ, ಅಷ್ಟು ಬೇಗ ಯಾರೂ ಚಾಚುವುದಿಲ್ಲ. ಈಗ ಬ್ರೇಕು ಹಿಡಿಯಬೇಕು ಅಂದುಕೊಂಡೆ. ಬೆರಳು ಬಗ್ಗಲಿಲ್ಲ. ಬ್ರೇಕಿನ ಮೇಲೆಯೇ ಇತ್ತು ಬೆರಳು, ಬಗ್ಗಲಿಲ್ಲ. ಹಿಡಿ, ಹಿಡಿ ಅಂತ ನನಗೆ ನಾನೇ ಒಳಗೆ ಕೂಗಿಕೊಂಡೆ. ನಿನ್ನ ಪಕ್ಕದಲ್ಲಿ ಹಾಯ್ದು ಹೋಗಿಬಿಟ್ಟೆ. ನೀನು ಹಿಂದೆ ಓಡಿಬಂದೆ, "ನಿಲ್ಸೇ, ನಾನಿದೀನಿ, ನಿಲ್ಸೇ" ಅಂತ ಕೂಗಿದ್ದು ಕೇಳಿಸಿತು. ಗೇಟಿನ ಜಲ್ಲಿ ಚಕ್ರದ ಕೆಳಗೆ ಬಂದ ಮೇಲೆ ಬೆರಳು ಬಗ್ಗಿತು. ಬೇಕಾದ್ದಕ್ಕಿಂತ ಜೋರಾಗಿ ಬಿದ್ದೆ. ಸೊಂಟದ ಚರ್ಮ ಸುಲಿದುಹೋಯಿತು, ತಲೆ ಗೇಟಿನ ಕಂಬಕ್ಕೆ ಬಡಿಯಿತು. ನೀನು ಟೇಪು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದೆ, ಅಮ್ಮ ಕತ್ತರಿ ತರುವ ತನಕ ಕಾಯಲಿಲ್ಲ. ಹೊರಗೆ ಬಂದವಳೇ ನಿನ್ನ ಮುಖಕ್ಕೆ ಗುದ್ದಿದೆ. ಯಾಕೆ ಗುದ್ದಿದೆ ಅಂತ ನನಗೇ ಗೊತ್ತಿಲ್ಲ. ನೀನು ಯಾವ ತಪ್ಪೂ ಮಾಡಿರಲಿಲ್ಲ.

ಒಂದು ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಿಜ ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ನಾನೇ ನಿನ್ನ ಕುತ್ತಿಗೆ ಮೇಲೆ ಕೂತಿದ್ದೆ. ನೀನು ಹೇಳಿದೆ, ಅದರ ಬೆಲೆಯನ್ನೂ ತೆತ್ತೆ. ನನ್ನ ತಲೆ ಒಪ್ಪಿಕೊಂಡಿದೆ. ಬೆರಳಿಗೆ ಯಾರು ಹೇಳುವುದು? ಬೇರೆಯವರು ಹಿಡಿಯುತ್ತಾರೆ ಅಂದರೂ ಬಗ್ಗುವುದಿಲ್ಲ, ಶುಕ್ರವಾರ ಡಾಕ್ಟರನ್ನು ನಿಲ್ಲಿಸಿ ನೋಡಿದೆ. ಅವರನ್ನೂ ಹಾಯ್ದು ಹೋಗಿ ಬಿದ್ದೆ. ಇನ್ನು ಮೇಲೆ ನನ್ನನ್ನು ಯಾರೂ ಹಿಡಿಯಲಾರರು ಅಣ್ಣ. ಇದು ನಿನ್ನಿಂದ ಆದದ್ದು. ಇದನ್ನು ಬೈಗುಳವಾಗಿ ಬರೆಯುತ್ತಿಲ್ಲ, ಆದರೆ ಮುಚ್ಚಿಡಲೂ ಆಗುವುದಿಲ್ಲ.

ಚಿಪ್ಪು ನಾಳೆ ಲಾರಿಯಲ್ಲಿ ಬರುತ್ತದೆ. ಅದರ ತಳದಲ್ಲಿ, ಸೀಟಿನ ಮುಂದೆ, ಎರಡೂ ಬದಿಗೆ ಒಂದೊಂದು ತೂತು ಕೊರೆ. ನಾನೇ ಕಾಲು ಇಳಿಸಿ ನಿಲ್ಲುವಷ್ಟು ದೊಡ್ಡದು. ಟೇಪಿನ ಬದಲು ಮುಚ್ಚಳಕ್ಕೆ ಒಳಗಿನಿಂದ ತೆಗೆಯುವ ಚಿಲಕ ಹಾಕು. ಡಾಕ್ಟರು ಲೆಕ್ಕ ಹಾಕಿದರು, ಗಾಳಿ ನುಗ್ಗಿ ವೇಗ ಗಂಟೆಗೆ ಎಂಟು ಕಿಲೋಮೀಟರ್ ಕಡಿಮೆಯಾಗುತ್ತದಂತೆ. ಅಲ್ಲಿಗೆ ದಾಖಲೆ ಮುಗಿಯಿತು. ನೀನು ಆರು ವರ್ಷ ಒಂದು ಸಂದಿ ಉಳಿಯದ ಹಾಗೆ ಮಾಡಿದ ಕೆಲಸ, ನಿನ್ನ ಕೈಯಿಂದಲೇ ಕೆಡಿಸಬೇಕಾಗಿದೆ. ಬೇರೆಯವರ ಹತ್ತಿರ ಮಾಡಿಸಬಹುದಿತ್ತು. ಅವರಿಗೆ ನನ್ನ ಕಾಲು ಎಲ್ಲಿ ಇಳಿಯುತ್ತದೆ ಅಂತ ಗೊತ್ತಿಲ್ಲ, ನಿನಗೆ ಗೊತ್ತು. ಎಡಗಡೆಯದು ಒಂದೂವರೆ ಅಂಗುಲ ಹಿಂದಕ್ಕಿರಲಿ.

ಅಂಚು ಚೆನ್ನಾಗಿ ಉಜ್ಜು, ಆ ಕಾಲಿನ ಚರ್ಮ ತೆಳ್ಳಗಿದೆ. ಮುಗಿದ ಮೇಲೆ ಒಂದು ಸಾಲು ಬರೆ, ಬಂದು ಓಡಿಸಿ ನೋಡುತ್ತೇನೆ. ನಾನು ನಿಲ್ಲಿಸುವಾಗ ನೀನು ದೂರ ನಿಂತಿರು.

ತಂಗಿ